ಕುಳ್ಳರ ಕೋಟೆಗೆ ಕಾದವರ ಕತೆ

ಕಂಪ್ಯೂಟರ್ ಆಟ ಅಂದ್ರೆ ಕೊಂಡು ತಂದು, ನಾಲ್ಕು ದಿನ ಆಡಿ, ಬೇಜಾರಾದ ಮೇಲೆ ಮೂಲೆಗೆ ಹಾಕೋ ವಸ್ತು ಅಂತ ತಿಳಿದವರಿಗೆ 'ಡ್ವಾರ್ಫ್ ಫೋರ್ಟ್ರೆಸ್' ಕತೆ ವಿಚಿತ್ರ ಅನ್ನಿಸಬಹುದು. ನಾನಂತೂ ಇದನ್ನು ಆಡಿದ್ದಕ್ಕಿಂತ ಇದಕ್ಕಾಗಿ ಕಾದಿದ್ದೇ ಹೆಚ್ಚು :-)

ಅಮೆರಿಕದ ಜಾಕ್ ಆಡಮ್ಸ್, ಟಾರ್ನ್ ಆಡಮ್ಸ್ ಅನ್ನೋ ಅಣ್ಣತಮ್ಮಂದಿರು ಇದನ್ನು ಶುರು ಮಾಡಿದ್ದು 2002ರಲ್ಲಿ. ಇಬ್ಬರೂ ಕೂತು ಕತೆ, ಕಲ್ಪನೆ ಹೆಣೆಯೋದು, ತಮ್ಮ ಟಾರ್ನ್ ಪ್ರೋಗ್ರಾಂ ಬರೆಯೋದು. ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದ ಟಾರ್ನ್, ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಪೂರ್ತಿಯಾಗಿ ಇದಕ್ಕೇ ಇಳಿದುಬಿಟ್ಟರು. ಆಗಸ್ಟ್ 2006ರಲ್ಲಿ ಮೊದಲ ಆವೃತ್ತಿ ಎಲ್ಲರ ಕೈಗೆ ಬಂತು. ಬೆಲೆ? ಸೊನ್ನೆ! ಇಷ್ಟವಾದವರು ದುಡ್ಡು ಕಳಿಸಬಹುದಿತ್ತು. ಕಳಿಸಿದವರಿಗೆ ಕ್ರೇಯಾನ್‌ನಲ್ಲಿ ಬರೆದ ಒಂದು ಚಿತ್ರವೋ, ಪುಟ್ಟ ಕತೆಯೋ ಸಿಗುತ್ತಿತ್ತು.

ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಎಲ್ಲವೂ ಅಕ್ಷರ ಮತ್ತು ಚಿಹ್ನೆಗಳು. ಕುಳ್ಳ ಅಂದ್ರೆ ಒಂದು ನಗುಮುಖ, ಬೆಕ್ಕು ಅಂದ್ರೆ ಇಂಗ್ಲಿಷಿನ 'ಸಿ'. ಆದರೆ ಅದರ ಹಿಂದೆ ಇಡೀ ಒಂದು ಜಗತ್ತು, ಅದರ ನೂರಾರು ವರ್ಷಗಳ ಇತಿಹಾಸ, ಯುದ್ಧ, ರಾಜವಂಶ ಎಲ್ಲ ಇತ್ತು. ನಾವು ಬೆಟ್ಟ ಕೊರೆದು ಕುಳ್ಳರಿಗೆ ಕೋಟೆ ಕಟ್ಟಬೇಕು.

ಇನ್ನು ಕಾಯೋ ವಿಷಯ ನೋಡಿ. ಸೆಪ್ಟೆಂಬರ್ 2008ರ ಆವೃತ್ತಿ ಆದಮೇಲೆ ಮುಂದಿನ ದೊಡ್ಡದು ಬಂದಿದ್ದು ಏಪ್ರಿಲ್ 1, 2010ಕ್ಕೆ. ಜೂನ್ 2012ರ ನಂತರದ್ದು ಜುಲೈ 2014ರಲ್ಲಿ, ಎರಡು ವರ್ಷಕ್ಕೂ ಮೇಲೆ! ಆವೃತ್ತಿಯ ಸಂಖ್ಯೆಯಲ್ಲೂ ಒಂದು ಲೆಕ್ಕ ಇತ್ತು. 0.40 ಅಂದ್ರೆ ಅಂದುಕೊಂಡಿದ್ದರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಭಾಗ ಆಗಿದೆ ಅಂತ. ಹನ್ನೆರಡು ವರ್ಷಕ್ಕೆ ನಲವತ್ತು... ಉಳಿದದ್ದಕ್ಕೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಆದರೂ ಬೇಸರ ಆಗುತ್ತಿರಲಿಲ್ಲ. ಯಾಕಂದ್ರೆ ಏನು ಮಾಡ್ತಿದ್ದೀನಿ ಅನ್ನೋದನ್ನು ಟಾರ್ನ್ ಬರೀತಾನೇ ಇದ್ದರು. ಡಿಸೆಂಬರ್ 2015ರ ಆವೃತ್ತಿಯಲ್ಲಿ ಹೆಂಡದಂಗಡಿಗಳು ಬಂದವು. ಹಿಂದೆಯೇ ಬೆಕ್ಕುಗಳು ಸಾಯತೊಡಗಿದವು. ಹುಡುಕಿದರೆ, ನೆಲಕ್ಕೆ ಚೆಲ್ಲಿದ ಹೆಂಡ ಬೆಕ್ಕಿನ ಕಾಲಿಗೆ ಅಂಟಿ, ಅದು ಕಾಲು ನೆಕ್ಕಿದಾಗಲೆಲ್ಲ ಪೂರಾ ಒಂದು ಲೋಟ ಕುಡಿದಂತೆ ಲೆಕ್ಕಕ್ಕೆ ಬರುತ್ತಿತ್ತು! ಇಂಥ ವರದಿ ಓದೋದೇ ಒಂದು ಸುಖ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲೇ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತ್ತು. ಆದರೆ ಕೀರ್ತಿಯಿಂದ ಆಸ್ಪತ್ರೆ ಬಿಲ್ಲು ತೀರೋದಿಲ್ಲವಲ್ಲ. ಜಾಕ್‌ಗೆ ಚರ್ಮದ ಕ್ಯಾನ್ಸರ್ ಚಿಕಿತ್ಸೆ ಆಯಿತು. ಅದೇ ತನಗೆ ಬಂದಿದ್ದರೆ ಉಳಿಸಿದ್ದೆಲ್ಲ ಕರಗಿಹೋಗುತ್ತಿತ್ತು ಅಂತ ಟಾರ್ನ್‌ಗೆ ಅನ್ನಿಸಿತು. ಹಾಗಾಗಿ ಮಾರ್ಚ್ 2019ರಲ್ಲಿ, ಚಿತ್ರಗಳಿರುವ ಆವೃತ್ತಿಯೊಂದನ್ನು ಮಾಡಿ ಸ್ಟೀಮ್‌ನಲ್ಲಿ ಮಾರುತ್ತೇವೆ ಅಂತ ಪ್ರಕಟಿಸಿದರು. ಮತ್ತೆ ಕಾಯೋದು! ಅದು ಬಂದಿದ್ದು ಡಿಸೆಂಬರ್ 6, 2022ಕ್ಕೆ. ಮೊದಲ ತಿಂಗಳೊಳಗೆ ಸುಮಾರು ಐದು ಲಕ್ಷ ಪ್ರತಿ ಖರ್ಚಾದವು. ಅಕ್ಷರಗಳ ಹಳೆಯ ರೂಪವನ್ನು ಮಾತ್ರ ಪುಕ್ಕಟೆಯಾಗಿಯೇ ಉಳಿಸಿದರು.

ಈ ಇತಿಹಾಸದಲ್ಲಿ ನನ್ನನ್ನು ಕಾಡೋದು ಒಂದೇ ವಿಷಯ. ಕಾದವರ ತಾಳ್ಮೆಯನ್ನು ಎಲ್ಲರೂ ಹೊಗಳ್ತಾರೆ. ಆದರೆ ಹೊಸದು ತಡವಾದರೆ ನಮಗೇನೂ ನಷ್ಟ ಇರಲಿಲ್ಲ, ಹಳೆಯದನ್ನೇ ಆಡಿಕೊಂಡಿದ್ದೆವು. ಹದಿನಾರು ವರ್ಷ ಅವರಿವರು ಕಳಿಸಿದ ದುಡ್ಡಲ್ಲೇ ಬದುಕಿ, ಒಂದು ದೊಡ್ಡ ಕಾಯಿಲೆ ಬಂದರೆ ಗತಿ ಏನು ಅನ್ನೋ ಸ್ಥಿತಿಯಲ್ಲೂ ಅವಸರಪಡದೆ ಕೂತವರು ಅವರು. ನಿಜವಾಗಿ ಕಾದವರು ಯಾರು, ನೀವೇ ಹೇಳಿ.

ಅಂದಹಾಗೆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ಜನವರಿ 2025ರಲ್ಲಿ ಸ್ಟೀಮ್ ಆವೃತ್ತಿಗೆ ಒಂಟಿ ಸಾಹಸಿಯಾಗಿ ಊರೂರು ಸುತ್ತುವ ಭಾಗವೂ ಸೇರಿತು. ಮುಂದಿನದಕ್ಕೆ ನಾನು ಕಾಯ್ತಾ ಇದ್ದೀನಿ...