ಮೊರದಿಂದ ಬಿತ್ತನೆ ಬೀಜಕ್ಕೆ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅವರಲ್ಲಿ ಬ್ರಯಾನ್ ಮ್ಯಾರಿಕ್ ಟೆಸ್ಟಿಂಗ್ ಕಡೆಯಿಂದ ಬಂದವರು. ಅದಕ್ಕೂ ಮುಂಚೆ ಹೆಚ್ಚಿನ ಕಡೆ ಟೆಸ್ಟರ್ ಅಂದ್ರೆ ಕೊಯ್ಲಾದ ಮೇಲೆ ಮೊರ ಹಿಡಿದು ಕೇರೋರು. ಕೋಡ್ ಮುಗಿದ ಮೇಲೇ ಅವರ ಸರದಿ. ಎರಡು ವಾರದ ಸ್ಪ್ರಿಂಟ್‌ನಲ್ಲಿ ಆ ‘ಆಮೇಲೆ’ ಅನ್ನೋದೇ ಇಲ್ಲ. ಡೆವಲಪರ್‌ಗಳೇ ಯೂನಿಟ್ ಟೆಸ್ಟ್ ಬರೆಯೋಕೆ ಕೂತರೆ ಟೆಸ್ಟರ್‌ಗೇನು ಕೆಲಸ?

2003ರಲ್ಲಿ ಮ್ಯಾರಿಕ್ ಟೆಸ್ಟ್‌ಗಳನ್ನು ವಿಂಗಡಿಸಿ ತೋರಿಸಿದರು: ಕೆಲವು ಕೋಡ್ ಬರೆಯೋರಿಗೆ ಆಸರೆ, ಕೆಲವು ಆದ ಕೆಲಸದ ವಿಮರ್ಶೆ. ‘ರಿಲೀಸ್ ಬೇಡ’ ಅನ್ನೋ ಕೊನೆಯ ಅಧಿಕಾರ ಟೆಸ್ಟರ್ ಕೈತಪ್ಪಿತು, ನಿಜ. ಆದ್ರೆ ‘ಇದು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?’ ಅನ್ನೋ ಮೊದಲ ಪ್ರಶ್ನೆ ಅವರದಾಯ್ತು. ಬೀಜ ನೋಡಿ ಬಿತ್ತಿದರೆ ಕೇರೋ ಕೆಲಸ ಕಮ್ಮಿ ತಾನೇ?