ಆರು ಗಂಟೆಗೆ ಮುಚ್ಚುತ್ತಿದ್ದ ಬಾರುಗಳು

ಆಕ್ಲೆಂಡಿಗೆ ಬಂದ ಹೊಸದರಲ್ಲಿ ನಾನೊಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ಸಂಜೆ ಹೊತ್ತು ಕೆಲಸ ಮಾಡುತ್ತಿದ್ದೆ. ಮೌಂಟ್ ರಾಸ್ಕಿಲ್ ಕಡೆ, ನಮ್ಮವರೇ ಜಾಸ್ತಿ ಇರುವ ಏರಿಯಾ. ಅಲ್ಲಿ ಕೌಂಟರಿನ ಪಕ್ಕ ಗೋಡೆಗೆ ಒಂದು ಪುಟ್ಟ ಬೋರ್ಡು ನೇತುಹಾಕಿದ್ದರು. ‘ಡ್ಯೂಟಿ ಮ್ಯಾನೇಜರ್’ ಅಂತ ಬರೆದು ಕೆಳಗೆ ಒಂದು ಹೆಸರು. ಶಿಫ್ಟ್ ಬದಲಾದ ಹಾಗೆ ಹೆಸರಿನ ಪಟ್ಟಿಯನ್ನೂ ಬದಲಾಯಿಸಬೇಕು. ಇದೇನು ಇಷ್ಟು ಮರ್ಯಾದೆ, ಮ್ಯಾನೇಜರ್ ಹೆಸರನ್ನ ಗೋಡೆ ಮೇಲೆ ಹಾಕ್ತಾರಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು ಮರ್ಯಾದೆಗಲ್ಲ. ಈ ಹೊತ್ತಿನಲ್ಲಿ ಇಲ್ಲಿ ಯಾರಾದರೂ ಕುಡಿದು ಮಿತಿ ಮೀರಿದರೆ ಯಾರನ್ನ ಕೇಳಬೇಕು ಅಂತ ತಿಳಿಯಲಿ ಅಂತ ಕಾನೂನೇ ಹಾಕಿಸಿದ ಬೋರ್ಡು ಅದು!

ನಾನು ಹುಟ್ಟಿ ಬೆಳೆದ ಬೀದಿಯ ಕೊನೆಯಲ್ಲಿ ಒಂದು ಸಾರಾಯಿ ಅಂಗಡಿ ಇತ್ತು. ಸಂಬಳದ ದಿನ ಸಂಜೆ ಅದರ ಮುಂದೆ ಹಾದುಹೋಗಬೇಡಿ ಅಂತ ಅಮ್ಮ ನಮ್ಮನ್ನ ಸುತ್ತು ಬಳಸಿ ಕಳಿಸೋರು. ಚರಂಡಿ ಪಕ್ಕ ಬಿದ್ದವನನ್ನ ನೋಡಿ ಎಲ್ಲರೂ ಅವನಿಗೇ ಬೈಯೋರು, ಅವನ ಹೆಂಡತಿಯ ಹಣೆಬರಹಕ್ಕೆ ಮರುಗೋರು. ಅವನಿಗೆ ಏಳನೇ ಪ್ಯಾಕೆಟ್ ಕತ್ತರಿಸಿ ಕೊಟ್ಟವನ ಬಗ್ಗೆ ಒಬ್ಬರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ. ಅವನು ವ್ಯಾಪಾರ ಮಾಡಿದ, ಇವನು ಕುಡಿದ, ಅಷ್ಟೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯೇ ಬಂದ್ ಆಯ್ತಲ್ಲ, ಆ ಸುದ್ದಿಯನ್ನ ನಾನು ಓದಿದ್ದು ಇಲ್ಲಿ, ಮಧ್ಯಾಹ್ನದ ಬ್ರೇಕಿನಲ್ಲಿ, ಡ್ಯೂಟಿ ಮ್ಯಾನೇಜರ್ ಸರ್ಟಿಫಿಕೇಟಿಗೆ ಓದುತ್ತಾ ಕೂತಿದ್ದಾಗ. ನಮ್ಮ ಕಡೆ ಯಾವಾಗಲೂ ಹೀಗೇ. ಪೂರ್ತಿ ತೆರೆದಿಡು, ಇಲ್ಲಾ ಪೂರ್ತಿ ಮುಚ್ಚು. ಮಧ್ಯದಲ್ಲಿ ಸುರಿಯೋನು ಅಂತ ಒಬ್ಬ ಇದ್ದಾನೆ ಅನ್ನೋದು ಯಾರ ಲೆಕ್ಕಕ್ಕೂ ಬರೋದಿಲ್ಲ.

ಹಾಗಂತ ನ್ಯೂಜಿಲೆಂಡಿನವರು ಹುಟ್ಟಿನಿಂದಲೇ ಬುದ್ಧಿವಂತರು ಅಂದುಕೊಳ್ಳಬೇಡಿ. ಸುರಿಯೋನ ತನಕ ಬರೋದಕ್ಕೆ ಇವರಿಗೂ ನೂರು ವರ್ಷ ಬೇಕಾಯ್ತು. ಅದಕ್ಕೆ ಮುಂಚೆ ಗಡಿಯಾರ, ಊರು, ಹೆಂಗಸು, ಮಾವೋರಿಗಳು, ಹೀಗೆ ಎಲ್ಲದರ ಮೇಲೂ ಪ್ರಯೋಗ ಮಾಡಿ ನೋಡಿದ್ದಾರೆ.

1893 ಈ ದೇಶದ ಶಾಲಾ ಮಕ್ಕಳಿಗೆಲ್ಲ ಬಾಯಿಪಾಠ. ಹೆಂಗಸರಿಗೆ ಓಟು ಕೊಟ್ಟ ವರ್ಷ, ಸ್ವತಂತ್ರ ಆಡಳಿತದ ದೇಶಗಳಲ್ಲಿ ಜಗತ್ತಿಗೇ ಮೊದಲು. ಹತ್ತು ಡಾಲರಿನ ನೋಟಿನ ಮೇಲೆ ಇರುವ ಕೇಟ್ ಶೆಪರ್ಡ್ ಆ ಚಳವಳಿಯ ನಾಯಕಿ. ಆದರೆ ಆಕೆ ಕೆಲಸ ಶುರುಮಾಡಿದ್ದು ಪಾನನಿರೋಧದ ಮಹಿಳಾ ಸಂಘದಿಂದ ಅನ್ನೋದನ್ನ ನೋಟು ಹೇಳೋದಿಲ್ಲ. ಗಂಡನ ಕೂಲಿ ಮನೆಗೆ ಬರಬೇಕಾದರೆ ಹೆಂಡತಿಗೆ ಓಟು ಬೇಕು, ಇಷ್ಟು ಸರಳ ಲೆಕ್ಕ. ಹೆಂಡದ ವ್ಯಾಪಾರಿಗಳಿಗೂ ಈ ಲೆಕ್ಕ ಚೆನ್ನಾಗಿ ಅರ್ಥವಾಗಿತ್ತು, ಅದಕ್ಕೇ ಅವರು ಹೆಂಗಸರ ಓಟಿಗೆ ಬಲವಾಗಿ ವಿರೋಧ ಮಾಡಿದರು. ಅದೇ 1893ರಲ್ಲಿ ಇನ್ನೊಂದು ಕಾನೂನು ಬಂತು: ನಮ್ಮ ಊರಿನಲ್ಲಿ ಮದ್ಯದಂಗಡಿ ಬೇಕೋ ಬೇಡವೋ ಅಂತ ಊರಿನವರೇ ಓಟು ಹಾಕಿ ತೀರ್ಮಾನಿಸಬಹುದು. ಮರುವರ್ಷವೇ ದಕ್ಷಿಣದ ಕ್ಲೂಥಾ ಪ್ರದೇಶ ಬೇಡ ಅಂದಿತು. ಆಮೇಲೆ ಆಶ್‌ಬರ್ಟನ್, ಇನ್ವರ್‌ಕಾರ್ಗಿಲ್, ಓಮರೂ... ಒಂದೊಂದೇ ‘ಡ್ರೈ’ ಆಗುತ್ತಾ ಹೋದವು.

ಈಗ ನಗು ಬರೋ ವಿಷಯ ಕೇಳಿ. ನಾನು ಬಿಯರ್ ಬಾಟ್ಲಿ ಹೊತ್ತು ಓಡಾಡುತ್ತಿದ್ದ ಮೌಂಟ್ ರಾಸ್ಕಿಲ್ ಕೂಡ ಡ್ರೈ ಸೀಮೆಯೇ. ಅದೂ ಎಲ್ಲಿಯ ತನಕ? 1999ರ ತನಕ! ದೇಶದಲ್ಲಿ ಕಟ್ಟಕಡೆಗೆ ಉಳಿದಿದ್ದ ಡ್ರೈ ಪ್ರದೇಶಗಳಲ್ಲಿ ಅದೂ ಒಂದು. ದೋಸೆ, ಪಾವ್ ಭಾಜಿ, ಹಲಾಲ್ ಮಾಂಸ, ಸೀರೆ ಅಂಗಡಿ ಎಲ್ಲ ಸಿಗುವ ಈ ಬೀದಿಗಳಲ್ಲಿ ಒಂದು ಕಾಲಕ್ಕೆ ಚರ್ಚಿಗೆ ಹೋಗುವ ಜನ ಮತ್ತೆ ಮತ್ತೆ ಬೂತಿಗೆ ಹೋಗಿ ‘ಬೇಡ’ ಅಂತ ಒತ್ತಿ ಬರುತ್ತಿದ್ದರು. ಇನ್ನು ಪಶ್ಚಿಮ ಆಕ್ಲೆಂಡಿಗೆ ಮನೆ ಮಾಡಿದ ಗೆಳೆಯರು ‘ಅಲ್ಲಾ ಮಾರಾಯ, ಇಲ್ಲಿ ಸೂಪರ್‌ಮಾರ್ಕೆಟಿನಲ್ಲಿ ವೈನೇ ಇಲ್ವಲ್ಲೋ’ ಅಂತ ಆಶ್ಚರ್ಯಪಡ್ತಾರೆ. ಅದೂ ಇದೇ ಇತಿಹಾಸದ ಬಾಲ. 1943ರಲ್ಲಿ ಇನ್ವರ್‌ಕಾರ್ಗಿಲ್ ಮತ್ತೆ ಮದ್ಯಕ್ಕೆ ಒಪ್ಪಿದಾಗ, ಲಾಭ ಖಾಸಗಿಯವರ ಜೇಬಿಗೆ ಹೋಗೋದು ಬೇಡ ಅಂತ ಊರಿನದೇ ಒಂದು ಟ್ರಸ್ಟ್ ಮಾಡಿ ಮಾರಾಟವನ್ನ ಅದರ ಕೈಗೆ ಕೊಟ್ಟರು. ಪಶ್ಚಿಮ ಆಕ್ಲೆಂಡಿನಲ್ಲೂ ಅದೇ ಮಾದರಿಯ ಟ್ರಸ್ಟುಗಳು ಬಂದವು.

ಇಡೀ ದೇಶವೇ ಡ್ರೈ ಆಗುವ ಹಂತಕ್ಕೂ ಬಂದಿತ್ತು. 1919ರ ಏಪ್ರಿಲಿನಲ್ಲಿ ಪಾನನಿಷೇಧಕ್ಕೆ ಜನಮತ ತೆಗೆದುಕೊಂಡರು. ದೇಶದೊಳಗಿನ ಓಟು ಎಣಿಸಿದಾಗ ನಿಷೇಧವೇ ಗೆದ್ದಿತ್ತು. ಆದರೆ ಯುದ್ಧ ಮುಗಿಸಿ ಇನ್ನೂ ಪರದೇಶದಲ್ಲೇ ಇದ್ದ ಸೈನಿಕರ ಓಟು ಬರೋದು ಬಾಕಿ ಇತ್ತು. ಸುಮಾರು 40 ಸಾವಿರ ಓಟು. ಐದರಲ್ಲಿ ನಾಲ್ಕು ಪಾಲು ‘ನಾವು ಬರ್ತೀವಿ, ಬಾರು ತೆರೆದಿರಲಿ’ ಅಂತ! ನಿಷೇಧ ಬಿದ್ದುಹೋಯ್ತು. ಆದರೂ ಪ್ರಶ್ನೆ ಮಾತ್ರ ಸಾಯಲಿಲ್ಲ. 1987ರ ತನಕವೂ ಹೆಚ್ಚುಕಮ್ಮಿ ಪ್ರತಿ ಸಾರ್ವತ್ರಿಕ ಚುನಾವಣೆಯ ದಿನ ಮದ್ಯದ ಬಗ್ಗೆ ಇನ್ನೊಂದು ಚೀಟಿ ಕೊಡೋರು ಅಂದರೆ ನಂಬ್ತೀರಾ?

ಇದರ ಮಧ್ಯೆ ಬಂದದ್ದು ಗಡಿಯಾರ. 1917ರ ಡಿಸೆಂಬರಿನಿಂದ, ಮೊದಲ ಮಹಾಯುದ್ಧದ ಮಿತವ್ಯಯ ಅಂತ ಹೇಳಿ, ಬಾರುಗಳನ್ನೆಲ್ಲ ಸಂಜೆ ಆರಕ್ಕೆ ಮುಚ್ಚಿಸಿದರು. ತಾತ್ಕಾಲಿಕ ಅಂದಿದ್ದು ಮರುವರ್ಷ ಕಾಯಂ ಆಯ್ತು. ಗಂಡಸರು ಬೇಗ ಮನೆಗೆ ಹೋಗಲಿ, ಕೂಲಿ ಉಳಿಯಲಿ ಅನ್ನೋದು ಒಳ್ಳೆಯ ಉದ್ದೇಶವೇ. ಆಗಿದ್ದೇನು? ಕೆಲಸ ಬಿಡೋದು ಐದಕ್ಕೆ, ಬಾರು ಮುಚ್ಚೋದು ಆರಕ್ಕೆ. ನಡುವೆ ಒಂದೇ ಗಂಟೆ. ಆ ಒಂದು ಗಂಟೆಯಲ್ಲಿ ಒಂದು ಸಂಜೆಯ ಕುಡಿತವನ್ನೆಲ್ಲ ಹೊಟ್ಟೆಗೆ ಇಳಿಸಬೇಕು. ಇಲ್ಲಿನವರು ಅದಕ್ಕೆ ‘ಸಿಕ್ಸ್ ಓ ಕ್ಲಾಕ್ ಸ್ವಿಲ್’ ಅಂತ ಹೆಸರಿಟ್ಟರು. ಸ್ವಿಲ್ ಅಂದರೆ ಹಂದಿಗೆ ಹಾಕುವ ಕಲಗಚ್ಚು, ಗೊತ್ತಲ್ಲ.

ಹಳೆಯ ಫೋಟೋಗಳನ್ನ ನೋಡಿದರೆ ಆ ಬಾರುಗಳಲ್ಲಿ ಕುರ್ಚಿಯೇ ಕಾಣೋದಿಲ್ಲ. ಕೂತರೆ ಜಾಗ ವೇಸ್ಟ್. ತೊಳೆಯೋಕೆ ಸುಲಭ ಆಗಲಿ ಅಂತ ಗೋಡೆಗೆಲ್ಲ ಟೈಲ್ಸ್. ಒಬ್ಬೊಬ್ಬರಿಗೇ ನಲ್ಲಿಯಲ್ಲಿ ಹಿಡಿದು ಕೊಡುವಷ್ಟು ಪುರುಸೊತ್ತಿಲ್ಲ, ಆದ್ದರಿಂದ ಬಾರಿನವನ ಕೈಯಲ್ಲಿ ಉದ್ದದ ಪ್ಲಾಸ್ಟಿಕ್ ಪೈಪು, ತುದಿಗೆ ಪಿಸ್ತೂಲಿನಂಥ ಹಿಡಿ. ನಾವು ತೋಟಕ್ಕೆ ನೀರು ಬಿಡೋ ಹಾಗೆ, ಚಾಚಿದ ಗ್ಲಾಸು ಜಗ್ಗುಗಳಿಗೆಲ್ಲ ಬಿಯರ್ ಬಿಡುತ್ತಾ ಹೋಗೋದು. ಅವನು ಯಾರ ಮುಖ ನೋಡ್ತಾನೆ ಹೇಳಿ? ಅವನ ಕಣ್ಣಿಗೆ ಕಾಣೋದು ಗ್ಲಾಸು ಮಾತ್ರ. ಆರು ಹೊಡೆದ ಮೇಲೆ ಎಲ್ಲರನ್ನೂ ಬೀದಿಗೆ ತಳ್ಳಿ ಬಾಗಿಲು ಹಾಕಿದರೆ ಅವನ ಜವಾಬ್ದಾರಿ ಮುಗೀತು. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಕಾಡೋದು ಆ ಪೈಪೇ. ನಮ್ಮ ಬೀದಿಯ ಸಾರಾಯಿ ಅಂಗಡಿಯವನ ಕತ್ತರಿಗೂ ಇದಕ್ಕೂ ಏನು ವ್ಯತ್ಯಾಸ?

1949ರಲ್ಲಿ ಜನರನ್ನೇ ಕೇಳಿದರು, ಈ ಆರು ಗಂಟೆ ಬೇಕಾ ಅಂತ. ನಾಲ್ಕರಲ್ಲಿ ಮೂರು ಜನ ‘ಇರಲಿ’ ಅಂದರು! ಅರ್ಥ ಮಾಡಿಕೊಳ್ಳೋದು ಕಷ್ಟವೇನಲ್ಲ. ಹೇಗೇ ಬರಲಿ, ಗಂಡ ಊಟದ ಹೊತ್ತಿಗೆ ಮನೆಗೆ ಬರ್ತಾನಲ್ಲ ಅಂತ ಹೆಂಡತಿಗೆ ಸಮಾಧಾನ. ಒಂದೇ ಗಂಟೆ ಸಂಬಳ ಕೊಟ್ಟು ಇಡೀ ಸಂಜೆಯ ವ್ಯಾಪಾರ ಆಗ್ತದಲ್ಲ ಅಂತ ಬಾರಿನವನಿಗೂ ಸಮಾಧಾನ. (ವೆಸ್ಟ್ ಕೋಸ್ಟಿನ ಗಣಿ ಊರುಗಳಲ್ಲಿ ಮಾತ್ರ ಆರು ಗಂಟೆಯನ್ನ ಯಾರೂ ಅಷ್ಟಾಗಿ ಕೇರ್ ಮಾಡಲಿಲ್ಲವಂತೆ. ಎಲ್ಲ ದೇಶದಲ್ಲೂ ಅಂಥ ಒಂದು ಸೀಮೆ ಇರ್ತದೆ :) ) ಕೊನೆಗೆ 1967ರ ಸೆಪ್ಟೆಂಬರಿನ ಜನಮತದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಬದಲಾವಣೆಗೆ ಓಟು ಹಾಕಿದರು. ಅಕ್ಟೋಬರ್ 9ರಿಂದ ಹತ್ತು ಗಂಟೆಯ ತನಕ ಬಾರು. ಐವತ್ತು ವರ್ಷದ ಕಲಗಚ್ಚು ಮುಗೀತು.

ಹೆಂಗಸರ ವಿಷಯ ಹೇಳಿದ್ದೆನಲ್ಲ. ಬಾರಿನಲ್ಲಿ ಹೆಣ್ಣು ಸುರಿದರೆ ಗಂಡಸು ಹೆಚ್ಚು ಕುಡೀತಾನೆ, ಅವಳೂ ಕೆಡ್ತಾಳೆ ಅಂತ ತರ್ಕ ಮಾಡಿ 1910ರ ಕಾನೂನಿನಲ್ಲಿ ಹೊಸದಾಗಿ ಬಾರ್‌ಮೇಡ್ ಕೆಲಸಕ್ಕೆ ಸೇರೋದನ್ನೇ ನಿಲ್ಲಿಸಿದರು. ಆಗಾಗಲೇ ಕೆಲಸದಲ್ಲಿದ್ದವರು ಹೆಸರು ನೋಂದಾಯಿಸಿಕೊಂಡು ಮುಂದುವರಿಯಬಹುದಿತ್ತು, ಅಷ್ಟೇ. ಈ ನಿಷೇಧ ತೆಗೆದದ್ದು 1961ರಲ್ಲಿ. ನಗಬೇಡಿ, ನಮ್ಮ ದಿಲ್ಲಿಯಲ್ಲೂ ಪಂಜಾಬ್ ಅಬಕಾರಿ ಕಾಯ್ದೆಯ ಹೆಸರಿನಲ್ಲಿ ಇಂಥದ್ದೇ ನಿಯಮ ಇತ್ತು, ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕಿದ್ದು 2007ರಲ್ಲಿ. ಇನ್ನು ಮಾವೋರಿಗಳಿಗೆ ಪಾರ್ಸೆಲ್ ಮದ್ಯ ಮಾರಬಾರದು ಅಂತೆಲ್ಲ ಇದ್ದ ತಾರತಮ್ಯ ಹೋಗಿದ್ದು 1948ರಲ್ಲಿ. ಪಕ್ಕದ ಬಿಳಿಯನಿಗೆ ಕೊಟ್ಟ ಬಾಟ್ಲಿ ಇವನಿಗೆ ಯಾಕಿಲ್ಲ ಅಂತ ಕೇಳಿದರೆ ಬಾರಿನವನ ಹತ್ತಿರ ಉತ್ತರ ಏನಿರ್ತದೆ?

ಸುರಿಯೋನ ಸರದಿ ನಿಜವಾಗಿ ಬಂದದ್ದು 1989ರ ಕಾನೂನಿನಿಂದ. ಲೈಸೆನ್ಸ್ ಸುಲಭ ಮಾಡಿದರು, ಮೂಲೆ ಮೂಲೆಯಲ್ಲಿ ಬಾರು ರೆಸ್ಟೋರೆಂಟು ಬಂದವು. ಅದರ ಜೊತೆಗೇ ‘ಹೋಸ್ಟ್ ರೆಸ್ಪಾನ್ಸಿಬಿಲಿಟಿ’ ಅನ್ನೋ ಮಾತೂ ಬಂತು. ಕುಡಿಯೋಕೆ ಕೊಟ್ಟವನು ಅತಿಥೇಯ. ಊಟ ಇಡಬೇಕು, ನೀರು ಇಡಬೇಕು, ಕಡಿಮೆ ಆಲ್ಕೋಹಾಲಿನ ಪಾನೀಯ ಇಡಬೇಕು, ಮನೆಗೆ ಹೋಗೋಕೆ ಟ್ಯಾಕ್ಸಿ ದಾರಿ ತೋರಿಸಬೇಕು. ಅಮಲೇರಿದವನಿಗೆ ಮಾರಬಾರದು. ತಮಾಷೆ ಅಂದರೆ, ಅಮಲೇರಿದವನು ಅಂದರೆ ಯಾರು ಅಂತ ಆ ಕಾನೂನು ಎಲ್ಲೂ ಹೇಳಲಿಲ್ಲ! 2012ರ ಹೊಸ ಕಾನೂನು ಅದನ್ನ ಬಿಡಿಸಿ ಬರೆಯಿತು. ಮಾತು, ಕೈಕಾಲಿನ ಹಿಡಿತ, ತೋರಿಕೆ, ನಡವಳಿಕೆ: ಈ ನಾಲ್ಕರಲ್ಲಿ ಎರಡು ಕೆಟ್ಟಿದ್ದು ಕಣ್ಣಿಗೆ ಕಂಡರೆ ಸಾಕು, ಅವನಿಗೆ ಇನ್ನು ಕೊಡಬಾರದು. ತಪ್ಪಿದರೆ ಮ್ಯಾನೇಜರಿಗೆ 10,000 ಡಾಲರ್ ತನಕ ದಂಡ, ಬರೀ ವೇಟರ್ ಆದರೆ 2,000 ತನಕ. ಕೊಡೋದು ಮಾತ್ರ ಅಲ್ಲ, ಮಿತಿ ಮೀರುವ ತನಕ ಬಿಟ್ಟುಕೊಂಡು ಕೂತಿದ್ದೂ ತಪ್ಪೇ.

ಕೋರ್ಸಿನಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಲೆಕ್ಕ. ಇಲ್ಲಿ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. 330 ಮಿಲೀ ಸಾಧಾರಣ ಬಿಯರಿನಲ್ಲಿ ಹೆಚ್ಚುಕಮ್ಮಿ ಅಷ್ಟು, 100 ಮಿಲೀ ವೈನಿನಲ್ಲಿ ಅಷ್ಟು, 30 ಮಿಲೀ ವಿಸ್ಕಿಯಲ್ಲೂ ಸುಮಾರು ಅಷ್ಟೇ. ಮೈ ಅದನ್ನ ಕರಗಿಸೋಕೆ ಅಂದಾಜು ಒಂದು ಗಂಟೆ ಬೇಕು. ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದಕ್ಕೂ ಆ ಗಂಟೆ ಕಡಿಮೆ ಆಗೋದಿಲ್ಲ. ನಮ್ಮವರು ಕೇಳೋ ಒಂದು ‘ಲಾರ್ಜ್’ 60 ಮಿಲೀ, ಅಂದರೆ ಎರಡು ಡ್ರಿಂಕ್. ‘ನಾನು ಮೂರೇ ತಗೊಂಡಿದ್ದು ಕಣಯ್ಯ’ ಅಂದವರು ತಗೊಂಡಿರೋದು ಆರು.

ಸರ್ಟಿಫಿಕೇಟ್ ತಗೊಳ್ಳೋಕೆ ಮುಂಚಿನ ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. ಒಬ್ಬನೇ ಬಂದಿದ್ದ ಒಬ್ಬ ಹುಡುಗ, ನನ್ನದೇ ವಯಸ್ಸು, ಬಟರ್ ಚಿಕನ್ ಅರ್ಧಕ್ಕೇ ಬಿಟ್ಟು ಕುಡೀತಾ ಕೂತಿದ್ದ. ನಾಲ್ಕನೆಯದನ್ನ ಕೇಳಿದಾಗ ಅವನ ನಾಲಿಗೆ ತೊದಲುತ್ತಿತ್ತು. ನನಗೆ ಗೊತ್ತಾಗಿತ್ತು. ಮುಜುಗರ ಯಾಕೆ ಅಂತ ಕೊಟ್ಟೆ. ಟಿಪ್ ಇಟ್ಟು ಎದ್ದುಹೋದ, ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸ್ತು. ಅವತ್ತು ರಾತ್ರಿ ಯಾವ ಸೈರನ್ ಕೂಗಿದರೂ ಎದ್ದು ಕೂರುತ್ತಿದ್ದೆ. ಬೆಳಗ್ಗೆ ಪೇಪರ್ ತೆಗೆದು ಪುಟಪುಟ ಹುಡುಕಿದೆ. ಏನೂ ಇರಲಿಲ್ಲ. ಅವನು ಮತ್ತೆ ನಮ್ಮ ಹೋಟೆಲಿಗೆ ಬರಲೂ ಇಲ್ಲ.

ಎರಡು ವರ್ಷ ಕಳೆದು, ಬೋರ್ಡಿನ ಮೇಲೆ ನನ್ನ ಹೆಸರಿದ್ದ ಒಂದು ಶನಿವಾರ, ನಮ್ಮ ಕಡೆಯ ಹಿರಿಯರೊಬ್ಬರು ಕುಟುಂಬ ಸಮೇತ ಬಂದರು. ಮಗಳ ಗ್ರಾಜುಯೇಷನ್. ಮೊದಲು ಬಿಯರ್, ಆಮೇಲೆ ಲಾರ್ಜ್, ಮತ್ತೊಂದು ಲಾರ್ಜ್. ಮಾತು ಜೋರಾಯ್ತು, ಚಮಚ ಬಿತ್ತು, ಬಗ್ಗಿ ಎತ್ತೋಕೆ ಹೋಗಿ ನೀರಿನ ಜಗ್ಗೂ ಉರುಳಿತು. ‘ಇನ್ನೊಂದು ಹಾಕಯ್ಯ’ ಅಂದರು. ನಾನು ತಗ್ಗಿದ ದನಿಯಲ್ಲಿ, ‘ಸಾರ್, ಇವತ್ತಿಗೆ ಸಾಕು ಸಾರ್. ಊಟ ತರ್ತೀನಿ, ಬಿಸಿಯಾಗಿದೆ’ ಅಂದೆ. ಅವರು ನನ್ನನ್ನ ದಿಟ್ಟಿಸಿ ನೋಡಿ, ‘ನಿಮ್ಮಪ್ಪನ ವಯಸ್ಸು ಕಣೋ ನನಗೆ. ನೀನು ನನಗೆ ಸಾಕು ಅಂತೀಯಾ?’ ಅಂದರು. ಇಡೀ ಹೋಟೆಲ್ ಸುಮ್ಮನಾಯ್ತು. ಮಗಳು ತಟ್ಟೆ ನೋಡ್ತಾ ಕೂತಳು. ಇಂಗ್ಲಿಷಿನಲ್ಲಿ ಆಗಿದ್ದರೆ ಕೋರ್ಸಿನಲ್ಲಿ ಹೇಳಿಕೊಟ್ಟ ವಾಕ್ಯ ಒಪ್ಪಿಸಿಬಿಡ್ತಿದ್ದೆ. ಕನ್ನಡದಲ್ಲಿ ಅದಕ್ಕೆ ನನ್ನ ಹತ್ತಿರ ವಾಕ್ಯ ಇರಲಿಲ್ಲ. ‘ಕಾನೂನು ಸಾರ್’ ಅಂತೇನೋ ಅಂದೆ, ಗೋಡೆ ಮೇಲಿನ ಬೋರ್ಡು ತೋರಿಸಿದೆ. ಅಷ್ಟರಲ್ಲಿ ಅವರ ಹೆಂಡತಿ ಅವರ ಕೋಟಿನ ಜೇಬಿಗೆ ಕೈ ಹಾಕಿ ಕಾರಿನ ಬೀಗದಕೈ ತೆಗೆದುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು, ಒಂದು ಮಾತೂ ಆಡದೆ.

ಊಟ ಅರ್ಧಕ್ಕೇ ಬಿಟ್ಟು ಹೋದರು. ಮಾಲೀಕರು ನನ್ನನ್ನ ಬೈಯಲಿಲ್ಲ, ಹೊಗಳಲೂ ಇಲ್ಲ, ಬಿಲ್ಲಿನಲ್ಲಿ ಒಂದಿಷ್ಟು ಬಿಟ್ಟುಕೊಟ್ಟರು.

ಆ ಹಿರಿಯರು ಇವತ್ತಿಗೂ ನನ್ನ ಹತ್ತಿರ ಮಾತಾಡೋದಿಲ್ಲ. ನಮ್ಮವರ ಸಮಾರಂಭಗಳಲ್ಲಿ ಎದುರಾದರೆ ಬೇರೆ ಕಡೆ ನೋಡ್ತಾರೆ. ಅವರ ಹೆಂಡತಿ ಮಾತ್ರ, ಯುಗಾದಿ ಊಟಕ್ಕೆ ಬಡಿಸೋಕೆ ನಿಂತಾಗ, ಕೇಳದೇ ಇದ್ದರೂ ನನ್ನ ಎಲೆಗೆ ಒಂದು ಒಬ್ಬಟ್ಟು ಜಾಸ್ತಿ ಹಾಕಿ ಮುಂದೆ ಹೋಗ್ತಾರೆ.