ಗುರುವಿನ ಮನೆಗೆ ಬೇಸಿಗೆ ರಜೆ ಇರಲಿಲ್ಲ

ಭಟ್ಕಳ ತಾಲ್ಲೂಕಿನ ಕಾಯ್ಕಿಣಿ ಮುರುಡೇಶ್ವರಕ್ಕೆ ಹತ್ತಿರದ ಊರು. ಊರಿಗಿಂತ ಅದರ ಹೆಸರೇ ಹೆಚ್ಚು ದೂರ ಹೋಗಿದೆ. ಪಡುಕೋಣೆ, ಬೆನಗಲ್, ಕಾರ್ನಾಡ, ಕಲ್ಯಾಣಪುರ ಎಂಬಂತೆ ಊರಿನ ಹೆಸರನ್ನೇ ಮನೆತನದ ಹೆಸರಾಗಿಸಿಕೊಳ್ಳುವುದು ಚಿತ್ರಾಪುರ ಸಾರಸ್ವತರ ರೂಢಿ. ಕಾಯ್ಕಿಣಿ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವವರು ಗೋಕರ್ಣದ ಗೌರೀಶ ಕಾಯ್ಕಿಣಿ ಮತ್ತು ಅವರ ಮಗ ಜಯಂತ. ಹಿಂದೂಸ್ತಾನಿ ಸಂಗೀತದವರಿಗೆ ನೆನಪಾಗುವವರು ದಿನಕರ ಕಾಯ್ಕಿಣಿ. 1927ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಅವರು ಆಗ್ರಾ ಘರಾಣೆಯ ಗಾಯಕರು. 'ದಿನರಂಗ' ಎಂಬ ಅಂಕಿತದಲ್ಲಿ ಬಂದಿಶ್‌ಗಳನ್ನು ಕಟ್ಟಿದವರು. ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಾಪೀಠದ ಪ್ರಾಂಶುಪಾಲರಾಗಿದ್ದವರು.

ಗಾಯಕನೊಬ್ಬ ಪ್ರಾಂಶುಪಾಲನಾಗುವುದು ಇಂದು ಯಾರಿಗೂ ವಿಚಿತ್ರವೆನಿಸದು. ಆದರೆ ಸಂಗೀತಕ್ಕೆ ಪ್ರವೇಶ ಪತ್ರ, ಹಾಜರಿ ಪುಸ್ತಕ, ಪರೀಕ್ಷೆ, ಬೇಸಿಗೆ ರಜೆ, ಜೂನ್ ಬಂದೊಡನೆ ಹೊಸ ತರಗತಿ ಎಂಬ ಏರ್ಪಾಡು ತೀರಾ ಹಳೆಯದೇನಲ್ಲ. ಅದಕ್ಕೆ ಮೊದಲು ಉಸ್ತಾದರ ಮನೆಯಲ್ಲಿ ಶಿಷ್ಯನಾದವನು ನೀರು ಹೊತ್ತು, ತಂಬೂರಿ ಹಿಡಿದು, ಗುರುವಿನ ಮನಸ್ಸು ಬಂದಾಗ ಕಲಿಯಬೇಕಿತ್ತು. ಒಂದೇ ರಾಗದಲ್ಲಿ ವರ್ಷಗಟ್ಟಲೆ ಕುಳಿತವರುಂಟು. ಇಂಥ ದಿನ ಕಲಿಕೆ ಆರಂಭ, ಇಂಥ ದಿನ ಮುಕ್ತಾಯ ಎಂಬ ಲೆಕ್ಕವೇ ಇರಲಿಲ್ಲ.

ಲೆಕ್ಕ ಹಾಕಲು ಹೊರಟವರು ಇಬ್ಬರು ವಿಷ್ಣುಗಳು. ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಬೇರೆ ಶಾಲೆಗಳು ಬಾಗಿಲು ಹಾಕುವ ಬಿರುಬೇಸಿಗೆಯಲ್ಲಿ ಇದರ ಬಾಗಿಲು ತೆರೆಯಿತು! ವೃತ್ತಿಯಿಂದ ವಕೀಲರಾಗಿದ್ದ ವಿಷ್ಣು ನಾರಾಯಣ ಭಾತಖಂಡೆ ಊರೂರು ಅಲೆದು ಬಂದಿಶ್‌ಗಳನ್ನು ಸಂಗ್ರಹಿಸಿ, ಸ್ವರಲಿಪಿ ಹಾಕಿ ಅಚ್ಚು ಮಾಡಿಸಿದರು. ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದರು. 1926ರಲ್ಲಿ ಅವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ಬಂತು. ಆಗಿನ ಗವರ್ನರರ ಹೆಸರಿನಿಂದ ಅದು ಮ್ಯಾರಿಸ್ ಕಾಲೇಜು ಎನಿಸಿತು. ಈಗ ಅದು ಭಾತಖಂಡೆಯವರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯ.

ಕಾಲೇಜು ಎಂದ ಮೇಲೆ ಪಠ್ಯಕ್ರಮ ಬೇಕು. ಆರಂಭದ ವಿದ್ಯಾರ್ಥಿಗೆ ಯಮನ್, ಬಿಲಾವಲ್, ಖಮಾಜ್, ಭೈರವ್, ಕಾಫಿ ಇತ್ಯಾದಿ. ಮಲ್ಹಾರಗಳು ಮುಂದಿನ ವರ್ಷಗಳಿಗೆ. ಹೀಗಾಗಿ ರಜೆ ಮುಗಿದು ತರಗತಿ ತೆರೆಯುವ ಹೊತ್ತಿಗೆ ಹೊರಗೆ ಧಾರಾಕಾರ ಮಳೆ, ಒಳಗೆ ಹೊಸಬರ ಬಾಯಲ್ಲಿ ಯಮನ್. ಋತುವಿನ ಪಂಚಾಂಗಕ್ಕೂ ಕಾಲೇಜಿನ ಪಂಚಾಂಗಕ್ಕೂ ತಾಳೆಯಾಗದ ಈ ತಮಾಷೆ ಇಂದಿಗೂ ತಪ್ಪಿಲ್ಲ.

ಈ ಕಾಲೇಜನ್ನು 1928ರಿಂದ ಮುಂದೆ ದಶಕಗಳ ಕಾಲ ನಡೆಸಿದವರು ಶ್ರೀಕೃಷ್ಣ ನಾರಾಯಣ ರಾತಂಜನಕರ್. ಮುಂಬಯಿಯಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಸ್ವರಪಾಠ ಹೇಳಿದವರು ಉತ್ತರ ಕನ್ನಡದವರಾದ ಕೃಷ್ಣಂ ಭಟ್ಟರು. ಮುಂದೆ ಭಾತಖಂಡೆಯವರ ಬಳಿ ಶಾಸ್ತ್ರ, ಬರೋಡದಲ್ಲಿ ಉಸ್ತಾದ್ ಫೈಯಾಜ್ ಖಾನರ ಬಳಿ ಆಗ್ರಾ ಗಾಯಕಿ. ಕರಾವಳಿಯವರೊಬ್ಬರು ಹಾಕಿಕೊಟ್ಟ ಆ ಮೊದಲ ಪಾಠದ ಋಣವೋ ಎಂಬಂತೆ ಅವರ ಬಳಿ ಕಲಿತವರಲ್ಲಿ ಕನ್ನಡ ನಾಡಿನವರು ಬಹಳ ಮಂದಿ. ಕಾಯ್ಕಿಣಿಯಿಂದ ಕೂಗಳತೆಯ ದೂರವೆನ್ನಬಹುದಾದ ಶಿರಾಲಿಯ ಎಸ್.ಸಿ.ಆರ್. ಭಟ್, ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರ್ಕರ್, ಬೈಲಹೊಂಗಲದ ಕೆ.ಜಿ. ಗಿಂಡೆ, ಮುಂಬಯಿಯಲ್ಲಿ ಹುಟ್ಟಿದ ದಿನಕರ ಕಾಯ್ಕಿಣಿ.

ಇವರಲ್ಲಿ ಗಿಂಡೆಯವರ ಸಂಗತಿ ಗಮನಿಸುವಂಥದು. 1936ರಲ್ಲಿ, ಹನ್ನೊಂದರ ಹುಡುಗನಾಗಿದ್ದಾಗ, ಅವರು ರಾತಂಜನಕರರ ಜೊತೆ ಲಖನೌಗೆ ಹೋದರು. ಉಳಿದದ್ದು ಗುರುವಿನ ಮನೆಯಲ್ಲೇ, ಮನೆ ಮಗನಂತೆ. ಹಗಲು ಕಾಲೇಜಿನ ಪ್ರಾಂಶುಪಾಲ, ಮನೆಗೆ ಬಂದರೆ ಅದೇ ವ್ಯಕ್ತಿ ಗುರು. ಅಂಥ ಹುಡುಗನಿಗೆ ಕಾಲೇಜು ಮುಚ್ಚಿದರೇನು, ತೆರೆದರೇನು? ಅಪಾರ ಸಂಖ್ಯೆಯ ಬಂದಿಶ್‌ಗಳು ಗಿಂಡೆಯವರ ನಾಲಗೆಯ ಮೇಲಿದ್ದವು ಎಂದು ಸಂಗೀತಲೋಕ ಬೆರಗಾಗುತ್ತಿತ್ತು. ಅದು ವೇಳಾಪಟ್ಟಿಯಿಂದ ಮಾತ್ರ ಬರುವ ಸಂಪತ್ತಲ್ಲ. ಹೊಸ ಪದ್ಧತಿಯ ಕಾಲೇಜು ತನ್ನ ಅತ್ಯುತ್ತಮ ಫಲ ಕೊಟ್ಟಿದ್ದು ಹಳೆಯ ಪದ್ಧತಿಯ ಮನೆಯೊಂದು ಅದರ ಬೆನ್ನಿಗೆ ನಿಂತಿದ್ದಾಗ ಎಂದರೆ ತಪ್ಪಾಗದು.

ಹಾಗೆಂದು ಕಾಲೇಜನ್ನು ಹಗುರವಾಗಿ ಕಾಣುವಂತಿಲ್ಲ. ಉಸ್ತಾದರ ಮನೆಯ ಹೊಸ್ತಿಲು ಎಲ್ಲರಿಗೂ ಸಿಗುತ್ತಿರಲಿಲ್ಲ. ಸಿಕ್ಕರೂ ಮಗನಿಗೆ ಒಂದು ಪಾಠ, ಹೊರಗಿನವನಿಗೆ ಇನ್ನೊಂದು ಎಂಬ ದೂರಿತ್ತು. ಗುಮಾಸ್ತನ ಮಗನಿಗೂ ಗೃಹಿಣಿಗೂ ಶುಲ್ಕ ಕಟ್ಟಿ ಕುಳಿತು ಕಲಿಯುವ ಹಕ್ಕು ಕೊಟ್ಟದ್ದು ಕಾಲೇಜು.

ಲಖನೌದಲ್ಲಿ ಕಲಿತವರು ಆ ಮಾದರಿಯನ್ನು ಮುಂಬಯಿಗೆ ತಂದರು. ಭವನದ ಸಂಗೀತ ಶಿಕ್ಷಾಪೀಠ 1946ರಲ್ಲಿ ಆರಂಭವಾದಾಗ ಹೊಣೆ ಹೊತ್ತವರು ನಗರ್ಕರ್. ಗಿಂಡೆ 1962ರಲ್ಲಿ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾದರು, ಭಟ್ಟರೂ ಅಲ್ಲಿ ಕಲಿಸಿದರು. ದಿನಕರ ಕಾಯ್ಕಿಣಿ ದಿಲ್ಲಿ ಆಕಾಶವಾಣಿಯಲ್ಲಿ ಕೆಲಸ ಮಾಡಿ, ಆಮೇಲೆ ಭವನಕ್ಕೆ ಬಂದರು.

ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರಿಗೆ ಬೇಸಿಗೆ ರಜೆಯೆಂದರೆ ಊರು. ಹಿಂದೆ ಆಗಬೋಟು ಹತ್ತಿ ಬಂದವರು ಮಾವು, ಹಲಸು ಮುಗಿಸಿ, ಮಳೆಗಾಲಕ್ಕೆ ಬೋಟು ನಿಲ್ಲುವ ಮುಂಚೆ ಮರಳಬೇಕಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಆ ಗಡಿಬಿಡಿ ತಪ್ಪಿತು. ಆದರೆ ಶಾಲೆಯ ಲೆಕ್ಕಕ್ಕೂ ಗಣಿತಕ್ಕೂ ಒಗ್ಗುವ ರಜೆ ಗಂಟಲಿಗೆ ಒಗ್ಗದು. ಎರಡು ತಿಂಗಳು ತಂಬೂರಿ ಗೋಡೆಗೆ ಒರಗಿದ್ದರೆ ಹಾಡುವವನಿಗೆ ಷಡ್ಜವೇ ಅಪರಿಚಿತ. ಈಗ ವರ್ಷವೂ ಹೋಗಿ ಸೆಮಿಸ್ಟರ್ ಬಂದಿದೆ. ರಾಗದ ಆರೋಹಣ, ಅವರೋಹಣ ಬರೆದು ಅಂಕ ಪಡೆಯಲು ನಾಲ್ಕೈದು ತಿಂಗಳು ಧಾರಾಳ. ಆ ರಾಗ ಕೊರಳಿಗೆ ಇಳಿಯುವುದು ಎಷ್ಟನೆಯ ಸೆಮಿಸ್ಟರಿನಲ್ಲಿ ಎಂದು ಯಾವ ಪಠ್ಯಕ್ರಮವೂ ಹೇಳುವುದಿಲ್ಲ.

ಇದು ದಿನಕರ ಕಾಯ್ಕಿಣಿಯವರ ಸ್ವಂತ ಮನೆಯಲ್ಲೂ ಕಾಣುತ್ತದೆ. ಮಗಳು ಅದಿತಿ ಹಾಡುಗಾರಿಕೆ ಕಲಿತದ್ದು ತಂದೆಯಿಂದಲೇ. ಮಗ ಯೋಗೇಶ್ ಸಂಸಿ ಇಂದು ದೇಶದ ಪ್ರಮುಖ ತಬಲಾ ವಾದಕರಲ್ಲೊಬ್ಬರು. ಸಂಗೀತ ಶಾಲೆಯ ಪ್ರಾಂಶುಪಾಲರ ಮಗ ತಬಲಾ ಕಲಿತದ್ದು ಮೊದಲು ತಾರಾನಾಥ ರಾವ್ ಅವರಲ್ಲಿ, ಅನಂತರ ದೀರ್ಘಕಾಲ ಉಸ್ತಾದ್ ಅಲ್ಲಾರಖಾ ಅವರ ಮುಂದೆ ಕುಳಿತು.